ಬಸ್ಸು ತಡವಾದರೆ ಮಳೆ

ಬಸ್ಸು ತಡವಾಗಿ ಬಂದರೆ ಮಳೆ ಬಂದಿದೆಯೆಂದೇ ಭಾವಿಸತಕ್ಕದ್ದು ಎಂಬ ನಿರ್ಣಯವನ್ನು ತೀರ್ಥಹಳ್ಳಿಯ ಸರ್ವಸಿದ್ಧಿ ಕಾನೂನು ಪ್ರವೇಶ ತರಬೇತಿ ಕೇಂದ್ರವು ಅಂಗೀಕರಿಸಿದೆ. ಇದಕ್ಕೆ ಕಾರಣಳಾದವಳು ಸಂಯುಕ್ತಾ.

ಕಾನೂನು ಕಾಲೇಜು ಸೇರಲು ಪ್ರವೇಶ ಪರೀಕ್ಷೆಗೆ ಓದುತ್ತಿದ್ದ ಈ ಹುಡುಗಿಗೆ ಕೇಂದ್ರದ ಮಾದರಿ ಪರೀಕ್ಷೆಯಲ್ಲಿ ಒಂದೇ ಒಂದು ಅಂಕ ಕಡಿಮೆ ಬಿತ್ತು. ಅದು ಸಿಕ್ಕಿದ್ದರೆ ಕೊನೆಯ ಹಂತದ ತರಬೇತಿಗೆ ಉಚಿತ ಸೀಟು. ಸಿಗದಿದ್ದರೆ ಲಾಯರಾಗುವ ಆಸೆಗೆ ಎಳ್ಳುನೀರು. ಆ ಅಂಕವನ್ನು ನುಂಗಿದ ಪ್ರಶ್ನೆ ಹೀಗಿತ್ತು: 'ಮಳೆ ಬಂದರೆ ಆಗುಂಬೆ ಬಸ್ಸು ತಡವಾಗುತ್ತದೆ. ಇಂದು ಬಸ್ಸು ತಡವಾಗಿದೆ. ತೀರ್ಮಾನವೇನು?' ಸಂಯುಕ್ತಾ 'ಖಚಿತವಾಗಿ ಹೇಳಲಾಗದು' ಎಂಬುದಕ್ಕೆ ಗುರುತು ಹಾಕಿದ್ದಳು. ಕೇಂದ್ರದ ಉತ್ತರ 'ಮಳೆ ಬಂದಿದೆ.'

"ಸರ್, ಪಂಕ್ಚರ್ ಆಗಿಯೂ ಬಸ್ಸು ತಡ ಆಗ್ಬಹುದಲ್ವಾ?" ಎಂದು ಅವಳು ನಿರ್ದೇಶಕ ಪುಷ್ಪರಾಜರನ್ನು ಕೇಳಿದಳು.

"ಪ್ರಶ್ನೇಲಿ ಪಂಕ್ಚರ್ ಎಲ್ಲಿದೆ ತೋರ್ಸಮ್ಮ. ಹೇಳಿಕೇಲಿ ಇಲ್ದಿದ್ದನ್ನ ನಾವು ತರೋ ಹಾಗಿಲ್ಲ. ಲಾಜಿಕಲ್ ರೀಸನಿಂಗಿನ ಮೊದಲ್ನೇ ನಿಯಮ ಅದು."

ನಿಯಮವೇನೋ ಸರಿಯಾಗಿಯೇ ಇತ್ತು. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು. ಆಕ್ಷೇಪಣೆ ಸಲ್ಲಿಸಿದಳು. ಕೂಡಲೇ ಸ್ಥಳ ಪರಿಶೀಲನಾ ಸಮಿತಿ ರಚನೆಯಾಯಿತು. ಅಧ್ಯಕ್ಷರು ಪುಷ್ಪರಾಜ್. 'ಪರಿಶೀಲನೆಯ ವೇಳೆ ಬಸ್ಸು ತಡವಾಗುವ ಸಂಭವವಿರುವುದರಿಂದ ಎಲ್ಲರೂ ಕೊಡೆ ತರತಕ್ಕದ್ದು' ಎಂಬ ಪ್ರಕಟಣೆಯೂ ಹೊರಬಿತ್ತು.

ಇಡೀ ತರಗತಿ ಬಸ್ ಸ್ಟ್ಯಾಂಡಿನಲ್ಲಿ ಜಮಾಯಿಸಿತು. ಮಾರ್ಚ್ ತಿಂಗಳ ಬಿಸಿಲಿಗೆ ನೆತ್ತಿ ಚುರುಗುಟ್ಟುತ್ತಿತ್ತು. ಆಗುಂಬೆ ಬಸ್ಸು ಸಾಕಷ್ಟು ತಡವಾಗಿಯೇ ಬಂತು.

"ದಾರೀಲಿ ಪಂಕ್ಚರ್ ಆಯ್ತು ಮಾರಾಯ್ರೆ" ಎಂದ ಚಾಲಕ ಕನ್ನಪ್ಪ.

ಸಂಯುಕ್ತಾ ಹಿರಿಹಿರಿ ಹಿಗ್ಗಿದಳು. "ಮಳೆ ಇಲ್ಲ ಸರ್. ನೀವೇ ನೋಡಿ, ಎಂಥಾ ಬಿಸಿಲು."

"ಡ್ರೈವರ್ ಮಾತು ಹೇಳಿಕೇಲಿ ಇಲ್ಲ. ಬಿಸಿಲೂ ಇಲ್ಲ" ಎಂದು ಪುಷ್ಪರಾಜ್ ಬೆವರು ಒರೆಸಿಕೊಂಡರು. "ಕಣ್ಣಿಗೆ ಕಾಣೋದೆಲ್ಲ ಹೊರಗಿನ ಮಾಹಿತಿ. ಬಸ್ಸು ತಡ ಆಗಿದೆ ತಾನೇ?"

"ಆಗಿದೆ ಸರ್."

"ಹಾಗಾದ್ರೆ ಯಾರೂ ನೆನೀಬೇಡಿ."

ಅವರು ಕೊಡೆ ಬಿಚ್ಚಿದರು. ತರಗತಿಯ ಕೊಡೆಗಳೂ ಒಂದೊಂದಾಗಿ ಬಿಚ್ಚಿಕೊಂಡವು. ಕೊಡೆ ಬಿಚ್ಚಿದವರ ಉತ್ತರವನ್ನು ತಿದ್ದಿಕೊಂಡಂತೆ ಪರಿಗಣಿಸಿ ಅಂಕ ನೀಡಲಾಗುವುದೆಂದು ಅಧ್ಯಕ್ಷರು ಅಲ್ಲೇ ಘೋಷಿಸಿದರು. ಸಂಯುಕ್ತಾಳಿಗೆ ಅವಮಾನವಾಯಿತು, ಅಳುವೂ ಬಂತು. ಸೀಟಿನ ನೆನಪಾಗಿ ಅವಳೂ ಕೊಡೆ ಬಿಚ್ಚಿದಳು. ನೆರಳು ಹಿತವಾಗಿಯೇ ಇತ್ತು.

ಅಂಕ ಸಿಕ್ಕಿತು, ಸೀಟೂ ಸಿಕ್ಕಿತು.

ಕನ್ನಪ್ಪ ಸುತ್ತ ಅರಳಿದ್ದ ಕೊಡೆಗಳನ್ನೆಲ್ಲ ಒಮ್ಮೆ ನೋಡಿದ. ಆಮೇಲೆ ವೈಪರ್ ಹಾಕಿ, ಬಸ್ಸನ್ನು ಆಮೆಯಂತೆ ಹೊರಡಿಸಿದ.

"ಬೇಗ ಬಿಡಿ, ಮೊದಲೇ ತಡ ಆಗಿದೆ" ಎಂದರು ಹಿಂದಿನ ಸೀಟಿನವರು.

"ಮಳೆ ಅಲ್ವಾ" ಎಂದ ಕನ್ನಪ್ಪ.