ಹತ್ತಕ್ಕೆ ಹತ್ತು, ಕಟ್ಟಕಡೆಯ ಸ್ಥಾನ

ನಮ್ಮೂರ ಚರ್ಚಿನಲ್ಲಿ ನಡೆಯುವ, ಹಣ್ಣು ತುಂಬಿ ಬೇಯಿಸುವ ಪೈ ತಿಂಡಿಯ ಸ್ಪರ್ಧೆಯಲ್ಲಿ ನನ್ನ ಹೆಂಡತಿ ಆರ್ಡಿತ್ ಹನ್ನೊಂದು ವರ್ಷದಿಂದ ಎರಡನೇ ಸ್ಥಾನದ ಖಾಯಂ ಒಡತಿ. ಮೊದಲನೆಯದು ಎದುರುಮನೆ ಮಾರ್ಲಿಸ್‌ಳ ಸ್ವಂತ ಆಸ್ತಿ. (ನಾವು ಮಿನ್ನೆಸೋಟ ರಾಜ್ಯದವರು ಸಿಟ್ಟನ್ನು ಬಾಯಲ್ಲಿ ಆಡುವುದಿಲ್ಲ, ನಗುನಗುತ್ತಾ ಇನ್ನೊಂದು ಪೈ ಬೇಯಿಸುತ್ತೇವೆ.)

ಈ ಸಲ ಅಂಕಗಳನ್ನು ಸ್ಥಾನದ ಕ್ರಮದಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುವ ಮಹತ್ಕಾರ್ಯವನ್ನು ನಿವೃತ್ತ ಪ್ರೋಗ್ರಾಮರ್ ಆದ ನಾನೇ ಹೊತ್ತುಕೊಂಡೆ. ಮನೆಯಲ್ಲಿ ಪರೀಕ್ಷೆ ಮಾಡಿದಾಗ ಮೂವರು ತೀರ್ಪುಗಾರರ ಸರಾಸರಿ 9.3333333 ಎಂದು ರೈಲಿನಂತೆ ಬಂತು.

“ಇದೇನ್ರೀ ಅಸಹ್ಯ? ಬಿಂದು ಆದ್ಮೇಲೆ ಎರಡೇ ಅಂಕಿ ಇರ್ಲಿ, ನೀಟಾಗಿ!” ಎಂದಳು ಆರ್ಡಿತ್.

“ಅಷ್ಟೇ ತಾನೇ? ಒಂದೇ ಸಾಲಿನ ಕೆಲಸ ಕಣೇ,” ಎಂದು ಸೇರಿಸಿಯೇಬಿಟ್ಟೆ. 9.33. ನೋಡಲು ಲಕ್ಷಣವಾಗಿತ್ತು.

ಶನಿವಾರ ಮೂವರು ತೀರ್ಪುಗಾರರೂ ಆರ್ಡಿತ್‌ಳ ರೂಬಾರ್ಬ್ ಎಂಬ ಹುಳಿದಂಟಿನ ಪೈಗೆ ಹತ್ತಕ್ಕೆ ಹತ್ತು ಕೊಟ್ಟರು! ಸ್ಪರ್ಧೆಯ ಇತಿಹಾಸದಲ್ಲೇ ಮೊದಲು. ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಗುಂಡಿ ಒತ್ತಿದೆ.

ಪರದೆಯ ನೆತ್ತಿಯಲ್ಲಿ ಮಾರ್ಲಿಸ್, 9.67. ಆರ್ಡಿತ್, 10.00, ಕಟ್ಟಕಡೆಗೆ. ಅಂಚೆ ಕಚೇರಿಯ ಲೈಲ್ ಕರಕಲು ಮಾಡಿ ತಂದಿದ್ದ 4.33ರ ಪೈಗಿಂತಲೂ ಕೆಳಗೆ.

ಎರಡೇ ಅಂಕಿಗೆ ಕತ್ತರಿಸುವ ಆ ಸಾಲು ಸಂಖ್ಯೆಯನ್ನು ಬರೀ ಬರಹವನ್ನಾಗಿ ಮಾಡಿಬಿಡುತ್ತದೆ. ಬರಹವಾದ ಮೇಲೆ ಯಂತ್ರ ನಿಘಂಟಿನ ಕ್ರಮ ಹಿಡಿಯುತ್ತದೆ: ಮೊದಲ ಅಂಕಿ ಒಂದು, ಒಂಬತ್ತಕ್ಕಿಂತ ಚಿಕ್ಕದು, ನಡಿ ಕೆಳಗೆ! ನಾನು ವೇದಿಕೆಗೆ ಓಡಿದೆ.

“ತಪ್ಪು ನಂದು! ಒಂಬತ್ತಕ್ಕಿಂತ ಹತ್ತು ದೊಡ್ಡದು ಕಣ್ರಪ್ಪಾ!”

“ಕಂಪ್ಯೂಟರ್ ಎಲ್ಲಾದ್ರೂ ತಪ್ಪು ಮಾಡುತ್ತೇನಯ್ಯಾ ಡ್ವೇನ್?” ಎಂದರು, ತಮ್ಮ ಕೈಯಾರೆ ಹತ್ತು ಬರೆದಿದ್ದ ತೀರ್ಪುಗಾರ ಆರ್ವಿಲ್. “ನಾವೇನೋ ಧಾರಾಳವಾಗಿ ಹಾಕಿಬಿಟ್ವಿ. ಕಂಪ್ಯೂಟರಿಗೆ ನಿಜ ಗೊತ್ತಾಗಿರಬೇಕು.”

ಸಭೆ ಗಂಭೀರವಾಗಿ ತಲೆದೂಗಿತು.

“ಹೆಂಡ್ತಿ ಮೇಲೆ ಪ್ರೀತಿ ಇರ್ಬೇಕು ಡ್ವೇನ್, ಆದ್ರೆ ಇಷ್ಟೊಂದಾ?” ಎಂದು ಮಾರ್ಲಿಸ್ ನಗುತ್ತಾ ಮೊದಲ ಬಹುಮಾನದ ನೀಲಿ ರಿಬ್ಬನ್ ಚುಚ್ಚಿಕೊಂಡಳು.

ಕಾರಿನಲ್ಲಿ ಆರ್ಡಿತ್ ಖಾಲಿ ಪೈ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

“ಆಣೆ ಮಾಡ್ತೀನಿ ಕಣೇ, ತಪ್ಪು ನಂದೇ,” ಎಂದೆ. “ಅಷ್ಟು ಜನರಲ್ಲಿ ಒಬ್ರೂ ನಂಬ್ಲಿಲ್ಲ.”

“ನಾನು ನಂಬ್ತೀನಿ ರೀ.”

ನನಗೆ ಕಣ್ಣು ತುಂಬಿ ಬಂತು.

“ಮೂವತ್ತೆಂಟು ವರ್ಷ ಸಂಸಾರ ಮಾಡಿದ್ದೀನಿ,” ಎಂದಳು. “ತಪ್ಪು ನಿಮ್ಮದೇ ಅನ್ನೋದ್ರಲ್ಲಿ ನಂಗೆ ಒಂದು ದಿನಾನೂ ಅನುಮಾನ ಬಂದಿಲ್ಲ.”