ನಮ್ಮನೆಯವರ ಹುಳ

ನಮ್ಮ ಸೋದರತ್ತೆ ಆಡುತ್ತಿದ್ದುದು ಕನ್ನಡವೇ. ಆದರೆ ಆ ಕನ್ನಡದಲ್ಲಿ ‘ಬಸ’ ಎಂದು ಶುರುವಾಗುವ ಒಂದು ಶಬ್ದವೂ ಇರಲಿಲ್ಲ ಎಂದರೆ ನಂಬುತ್ತೀರಾ? ನಂಬಲೇಬೇಕು! ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ನಮ್ಮ ಕಡೆಯ ಹೆಂಗಸರು ಹೆಸರೊಂದನ್ನು ಬಿಟ್ಟು ಸುಮ್ಮನಾಗುತ್ತಿದ್ದರು. ಈಕೆ ಆ ಹೆಸರಿನ ನೆಂಟರಿಷ್ಟರನ್ನೂ ಹೊರಗಟ್ಟಿದ್ದಳು. ಬಸಳೆ ಸೊಪ್ಪು ಅವಳಿಗೆ ‘ಲೋಳೆ ಸೊಪ್ಪು’. ಬಸುರಿಯರು ‘ಎರಡು ಜೀವದವರು’. ಬಸವಣ್ಣನ ಗುಡಿ ‘ನಮ್ಮನೆಯವರ ಗುಡಿ’! ಅವಳ ಗಂಡ, ನಮ್ಮ ಮಾಮನ ಹೆಸರು ನಿಮಗೆ ಹೊಳೆದಿದ್ದರೆ ಸದ್ಯಕ್ಕೆ ಮನಸ್ಸಿನಲ್ಲೇ ಇಟ್ಟುಕೊಳ್ಳಿ.

ಒಮ್ಮೆ ಓಟು ಹಾಕಲು ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಮೇಜಿನ ಹಿಂದಿದ್ದ ಗುಮಾಸ್ತ “ಗಂಡನ ಹೆಸರು?” ಎಂದ. ಅತ್ತೆ ಸೆರಗಿನ ತುದಿ ಬಾಯಿಗಿಟ್ಟುಕೊಂಡು ನನ್ನ ಭುಜ ತಿವಿದಳು. “ನೀ ಹೇಳವ್ವ.” ನಾನು ಹೇಳಿದೆ. ನಾನು ಹೇಳುವಾಗ ತನ್ನ ಕಿವಿಯನ್ನೂ ಮುಚ್ಚಿಕೊಂಡಳು!

ಇತ್ತ ಮಾಮ ನೋಡಿದರೆ ಹರಿಹರದ ಪೇಟೆಯಲ್ಲಿ ಕಾಳಿನ ವ್ಯಾಪಾರಿ. ತಮ್ಮ ಹೆಸರನ್ನು ಪೇಟೆಗೆಲ್ಲ ಕೇಳುವಂತೆ ಹೇಳಿಕೊಳ್ಳುವುದೆಂದರೆ ಅವರಿಗೆ ಹಬ್ಬ. ಊರೆಲ್ಲ ಕರೆಯುವ ಹೆಸರನ್ನು ಹೆಂಡತಿಯ ಬಾಯಲ್ಲಿ ಒಮ್ಮೆ ಕೇಳಬೇಕೆಂಬುದೊಂದೇ ಅವರ ಕೊರಗು. ಮದುವೆಯ ದಿನ ಗಂಡನ ಹೆಸರು ಹೇಳಿ ಒಳಗೆ ಬಾ ಎಂದು ಬಾಗಿಲಲ್ಲಿ ತಡೆದರೆ ಅತ್ತೆ ಹೊಸಿಲಾಚೆ ಕೂತೇ ಬಿಟ್ಟಳಂತೆ. ಕೊನೆಗೆ ತಡೆದವರಿಗೇ ಹಸಿವಾಗಿ ದಾರಿ ಬಿಟ್ಟರಂತೆ.

“ಒಂದ್ಸಲ ನನ್ನ ಹೆಸ್ರು ಹಿಡಿದು ಕರಿ. ರೇಷ್ಮೆ ಸೀರೆ ಕೊಡಿಸ್ತೀನಿ,” ಎನ್ನುತ್ತಿದ್ದರು ಮಾಮ.

“ನೀವೇ ಇಲ್ದಂಗಾದ್ರೆ ಆ ಸೀರೆ ಉಟ್ಕೊಂಡು ಯಾರಿಗೆ ತೋರಿಸ್ಲಿ?” ಎನ್ನುತ್ತಿದ್ದಳು ಅತ್ತೆ. ಅಲ್ಲಿಗೆ ವ್ಯಾಪಾರ ಮುರಿಯುತ್ತಿತ್ತು.

ಹೀಗಿರುವಾಗ ಒಂದು ದಸರಾ ರಜೆಯಲ್ಲಿ ದಾವಣಗೆರೆಯ ನಮ್ಮ ಓಣಿಯವರೆಲ್ಲ ಸೇರಿ ಬಸ್ಸು ಗೊತ್ತು ಮಾಡಿದೆವು. ಆಗುಂಬೆ ಕಡೆಯ ಕಾಡು ನೋಡುವುದು, ಒಂದು ರಾತ್ರಿ ಅಲ್ಲೇ ಬಿಡಾರ ಹೂಡುವುದು! ಜಾಲಿ ಮರಕ್ಕಿಂತ ದಟ್ಟವಾದದ್ದನ್ನು ಕಾಣದ ನಮಗೆ ಎಂಥ ಧೈರ್ಯ ನೋಡಿ! ಅತ್ತೆ, ಮಾಮ ಹರಿಹರದಲ್ಲಿ ಹತ್ತುವುದೆಂದು ಮಾತಾಗಿತ್ತು. ಬಸ್ಸು ತಡವಾಯಿತು. ದಾರಿಯಲ್ಲಿ ಕಾಯುತ್ತಿದ್ದ ಅತ್ತೆಯನ್ನು ಯಾರೋ “ಏನವ್ವ, ಇಲ್ಲಿ ನಿಂತೀರಿ?” ಎಂದು ಕೇಳಿದರಂತೆ.

“ನಮ್ಮನೆಯವ್ರು ಇನ್ನೂ ಬಂದಿಲ್ಲ ನೋಡ್ರಿ. ಎಲ್ಲಿ ಕೆಟ್ಟು ನಿಂತಾರೋ!”

ಮಾಮ ಪಕ್ಕದಲ್ಲೇ ಗಂಟು ಹೊತ್ತು ನಿಂತಿದ್ದರು. ಕೇಳಿದವರು ಅವರನ್ನು ಕೆಳಗಿಂದ ಮೇಲಿನವರೆಗೆ ನೋಡಿ, “ಹಂಗಾರೆ ಇವ್ರು ಯಾರು?” ಎಂದರಂತೆ! ಬಸ್ಸು ಹತ್ತಿದ ಕೂಡಲೇ ಮಾಮ ಮಾಡಿದ ಮೊದಲ ಕೆಲಸ ಈ ದೂರು ಹೇಳಿದ್ದು.

ಕಾಡಿನ ಬಾಯಲ್ಲಿ ಇಳಿದೆವು. ಮರದ ತುದಿ ನೋಡಲು ಹೋಗಿ ಯಜಮಾನರ ಟೋಪಿಗಳು ಉದುರಿದವು. ಘಟ್ಟದ ಕಡೆಯವನಾದ ಡ್ರೈವರ್, “ಹುಷಾರು, ಇಂಬಳ ಉಂಟು” ಎಂದ. “ಸಂಬಳ ಗೊತ್ತು, ಗಿಂಬಳ ಗೊತ್ತು, ಇಂಬಳ ಯಾವುದಪ್ಪ?” ಎಂದರು ಮಾಮ. ನಾಲ್ಕು ಹೆಜ್ಜೆ ಹೋಗುವುದರಲ್ಲಿ ಕಾಲಿಗೆ ಕಚ್ಚಿ ನೆತ್ತರು ಹೀರುತ್ತಿದ್ದ ಜಿಗಣೆಗಳು ಉತ್ತರ ಕೊಟ್ಟವು. ಮಾಮ ಅವನ್ನು ಕಿತ್ತೆಸೆಯುತ್ತ, “ಗಿಂಬಳದ ತಮ್ಮನೇ ಬಿಡು” ಎಂದರು.

ಅಷ್ಟರಲ್ಲಿ ಅತ್ತೆ ಕಿರುಚಿದಳು. “ರೀ! ಇಲ್ಲಿ ಬರ್ರಿ! ನಿಮ್ಮ ಹುಳ ನೋಡ್ರಿ, ಎಷ್ಟು ದೊಡ್ಡದೈತೆ!” ಮರದ ಬೊಡ್ಡೆಯ ಮೇಲೆ ಅಂಗೈಯಗಲದ ಬಸವನಹುಳ ನಿಧಾನವಾಗಿ ಹತ್ತುತ್ತಿತ್ತು. ಹಿಂದೆ ಬರುತ್ತಿದ್ದ ಮುದುಕಿಯೊಬ್ಬರಿಗೆ ಮಾತಷ್ಟೇ ಕೇಳಿಸಿತ್ತು. “ಪಾಪ, ಯಾವಾಗಿಂದ ಐತವ್ವ ಹುಳದ ಕಾಟ? ಊರಿಗೆ ಹೋಗಿ ಬೇವಿನ ಕಷಾಯ ಕುಡಿಸು,” ಎಂದರು. ಆಮೇಲೆ ದಾರಿಯುದ್ದಕ್ಕೂ ಸಿಕ್ಕಸಿಕ್ಕವರೆಲ್ಲ ಮಾಮನ ಹೊಟ್ಟೆಯ ಕ್ಷೇಮ ವಿಚಾರಿಸಿದರು.

ಹಳ್ಳದ ದಂಡೆಯಲ್ಲಿ, ಹತ್ತಿಯ ದೊಡ್ಡ ಮೂಟೆಗಳಾದ ಅಂಡಿಗೆಗಳಿಗೆ ಹೊದಿಸುವ ಟಾರ್ಪಾಲುಗಳನ್ನು ಕಟ್ಟಿ ಬಿಡಾರ ಮಾಡಿದೆವು. ಮಾಮ “ಒಣ ಕಟ್ಟಿಗೆ ತರ್ತೀನಿ” ಎಂದು ಹೊರಟರು. ಆ ಕಾಡಿನಲ್ಲಿ ಒಣ ಕಟ್ಟಿಗೆ! ಅತ್ತೆ ರೊಟ್ಟಿಯ ಗಂಟು ಬಿಚ್ಚಿದಳು, ಶೇಂಗಾ ಚಟ್ನಿಪುಡಿ ಹಾಕಿದಳು. ಎಲ್ಲರೂ ಕೂತರು, ಮಾಮ ಮಾತ್ರ ಬರಲಿಲ್ಲ.

“ರೀ!” ಎಂದು ಕೂಗಿದಳು. ಊಟಕ್ಕೆ ಕೂತಿದ್ದ ಗಂಡಸರೆಲ್ಲ “ಏನೇ?” ಎಂದು ತಲೆಯೆತ್ತಿದರು! ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಸಂಜೆಯಾಗಿತ್ತು ನೋಡಿ, ಜೀರುಂಡೆಗಳೂ ಶುರು ಮಾಡಿದವು. ರೀ… ರೀ… ರೀ… ಇಡೀ ಕಾಡೇ ಅತ್ತೆಯ ಗಂಡನನ್ನು ಕರೆಯುತ್ತಿತ್ತು! ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಬೆಳಕು ಇಳಿಯುತ್ತ ಬಂತು. ಗಂಡಸರು ಲಾಟೀನು ಹಿಡಿದು ಹೆಸರು ಕೂಗಿದರು. ಉತ್ತರವಿಲ್ಲ. ಡ್ರೈವರ್ ಮೆಲ್ಲಗೆ, “ಆ ಕಡೆ ದೊಡ್ಡ ಕಂದಕ ಉಂಟು” ಎಂದ. ನಮ್ಮ ನಗು ನಿಂತುಹೋಯಿತು. ಅತ್ತೆಯ ಕೈಯಲ್ಲಿದ್ದ ರೊಟ್ಟಿ ಕೆಳಗೆ ಬಿತ್ತು. ಸೆರಗು ಎಲ್ಲೋ, ಕಾಲು ಎಲ್ಲೋ, ಮರಗಳ ಹತ್ತಿರ ಓಡಿದಳು.

“ಬಸಪ್ಪಾ! ಏ ಬಸಪ್ಪಾ! ಎಲ್ಲಿದ್ದೀಯೋ ಬಸಪ್ಪಾ!”

ಜೀರುಂಡೆಗಳೂ ಬಾಯಿ ಮುಚ್ಚಿದವು! ಅವಳು ಮತ್ತೆ ಕೂಗಿದಳು, ಗಂಟಲು ಒಡೆಯುವ ಹಾಗೆ. ಆಗ ಎದುರಿನ ಮರದ ಹಿಂದಿನಿಂದಲೇ ಮಾಮ ಈಚೆ ಬಂದರು, ಬಗಲಲ್ಲಿ ತೊಟ್ಟಿಕ್ಕುವ ಹಸಿ ಕಟ್ಟಿಗೆ.

“ಕೇಳ್ಸಲಿಲ್ಲೇನ್ರೀ ನಿಮ್ಗೆ?”

“ದಾರಿ ತಪ್ಪಿತ್ತು. ಇವ್ರ ಕೂಗು ಕೇಳಿ ಇಲ್ಲೀತನಕ ಬಂದೆ,” ಎಂದರು ಮಾಮ. ಆಮೇಲೆ ತಲೆ ತಗ್ಗಿಸಿ, “ನಿನ್ನ ಕೂಗು ಕೇಳಿ ಕಾಲೇ ಏಳ್ಲಿಲ್ಲ. ಇನ್ನೊಂದ್ಸಲ ಕರೀತೀಯೇನೋ ಅಂತ ನಿಂತ್ಕಂಡೆ,” ಎಂದರು.

ಅತ್ತೆ ಅಲ್ಲೇ ಕುಕ್ಕರಿಸಿ ಹೋ ಎಂದು ಅತ್ತಳು. “ನಿಮ್ಮ ಆಯಸ್ಸು ತಿಂದ್ನಲ್ರೀ!”

ಮರಳಿ ಬರುವಾಗ ಹರಿಹರದ ಹೊಳೆಯ ಹತ್ತಿರ ಬಸ್ಸು ನಿಲ್ಲಿಸಿ, ನೀರಿಗಿಳಿದು ಮುಳುಗೆದ್ದಳು. “ನನ್ನ ಆಯಸ್ಸಿನಾಗೆ ಕಡಿದು ಇವ್ರಿಗೆ ಕೊಡು ತಾಯಿ,” ಎಂದು ಕೈಮುಗಿದಳು. ಮಾಮ ದಂಡೆಯಿಂದ, “ಹೊಳೆ ಏನು ಸೊಸೈಟಿನಾ, ನಿನ್ನ ಖಾತೆದ್ದು ನನ್ನ ಖಾತೆಗೆ ಹಾಕಾಕೆ?” ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು.

ಕೆಲವು ವರ್ಷಗಳಲ್ಲಿ ಅತ್ತೆ ಒಂದು ಜ್ವರಕ್ಕೆ ಹೋಗಿಬಿಟ್ಟಳು. ಮಾಮ ಗಟ್ಟಿಯಾಗಿಯೇ ಉಳಿದರು. ಈಗಲೂ ಆ ಹೊಳೆ ದಾಟುವಾಗ ನಾನು ಆ ಕಡೆ ನೋಡುವುದಿಲ್ಲ. ಮತ್ತೆ ಓಟು ಬಂತು. ಈ ಸಲ ಮಾಮನ ಜೊತೆಗೆ ನಾನು ಹೋದೆ.

“ಹೆಸರು ಹೇಳ್ರಿ ಯಜಮಾನ್ರೇ,” ಎಂದ ಗುಮಾಸ್ತ.

ಪೇಟೆಗೆಲ್ಲ ಕೇಳುವಂತೆ ಹೆಸರು ಹೇಳುತ್ತಿದ್ದ ಮಾಮ ಬಾಯಿ ತೆರೆದರು. ಆದರೆ ಹೆಗಲ ಮೇಲಿನ ಟವೆಲಿನ ತುದಿಯನ್ನು ಬಾಯಿಗಿಟ್ಟುಕೊಂಡು ನನ್ನ ಭುಜ ತಿವಿದರು.

“ನೀ ಹೇಳವ್ವ.”