ಶಂಭುಲಿಂಗನ ಕನಸಿನ ಮನೆ

ಶಂಭುಲಿಂಗ ಮಾಡಿದ ತಪ್ಪು ಒಂದೇ. ಬೆಳಗಿನ ಜಾವ ಬಿದ್ದ ಕನಸನ್ನು ಕಾಫಿ ಕುಡಿಯುತ್ತಾ ಹೆಂಡತಿಯ ಮುಂದೆ ಬಾಯಿಬಿಟ್ಟ.

ಸೋಲೂರಿನಲ್ಲಿ ಬೂಸಾ, ಹಿಂಡಿ ಮಾರಿ ಕಟ್ಟಿಸಿದ ಹೊಸ ಮನೆ. ನಾಳೆಯೇ ಗೃಹಪ್ರವೇಶ. ಕನಸಿನಲ್ಲಿ ಆ ಮನೆ ಇಸ್ಪೀಟಿನ ಎಲೆಗಳ ಹಾಗೆ ತನ್ನನ್ನು ತಾನೇ ಕಲಸಿಕೊಳ್ಳುತ್ತಿತ್ತು. ಅವಸರವಾಗಿ ಬಚ್ಚಲು ಹುಡುಕಿಕೊಂಡು ಬಾಗಿಲು ತೆಗೆದರೆ ದೇವರಕೋಣೆ. ಪಟದೊಳಗಿನ ದೇವರೆಲ್ಲ ಗಾಬರಿಯಿಂದ ಇವನನ್ನೇ ನೋಡುತ್ತಿದ್ದರು. ಕೈಮುಗಿದು ಹೊರಬಂದರೆ ಅಡುಗೆಮನೆ, ಅಲ್ಲಿಂದ ಹೊರಟರೆ ಮತ್ತೆ ಅದೇ ದೇವರಕೋಣೆ. ಮೆಟ್ಟಿಲು ಹತ್ತಿದಷ್ಟೂ ಕೆಳಗೇ ಇಳಿಯುತ್ತಿದ್ದ. ಬೀದಿಬಾಗಿಲಿದ್ದ ಜಾಗದಲ್ಲಿ ಬೀರು ನಿಂತಿತ್ತು. ಬೀರು ತೆಗೆದರೆ ಒಳಗೆ ಇನ್ನೊಂದು ಮೆಟ್ಟಿಲು!

“ಬೆಳಗಿನ ಜಾವದ್ದಾ?” ಸುಂದರಮ್ಮ ಲೋಟ ಕೆಳಗಿಟ್ಟಳು. “ಹಂಗಾದ್ರೆ ನಿಜ ಆಯ್ತದೆ ಕಣ್ರೀ!”

“ರಾತ್ರಿ ಹುರುಳಿಕಾಳಿನ ಬಸ್ಸಾರು ಒಸಿ ಜಾಸ್ತಿ ಉಂಡಿದ್ದೆ. ಅಷ್ಟೇ ಕಣೇ.”

ಆದರೆ ಅವಳು ಆಗಲೇ ಪಕ್ಕದ ಮನೆಯಲ್ಲಿದ್ದಳು. ಆ ಮನೆಯ ಬೋರಲಿಂಗಯ್ಯ ಕೇಳದವರಿಗೂ ವಾಸ್ತು ಹೇಳುವ ಮಹಾನುಭಾವ. ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಬಂದು ಹೊಸ ಮನೆಯನ್ನು ಒಂದು ಸುತ್ತು ಹಾಕಿದ. ಮಾಳಿಗೆಗೆ ಹತ್ತುವ ಕಬ್ಬಿಣದ ಮೆಟ್ಟಿಲಿನ ಮುಂದೆ ನಿಂತು ನೊರೆ ಉಗುಳಿದ.

“ಇದೇ ಕಣ್ಲಾ ದೋಷ! ಮೆಟ್ಲು ಆ ಕಡೆ ಗೋಡೆಗೆ ಹೋಗ್ಬೇಕು.”

“ನಾಳೆ ಊಟ ಹಾಕ್ಸೋದು ಮಾಳಿಗೆ ಮೇಲೆ ಬೋರಲಿಂಗಣ್ಣ! ಶಾಮಿಯಾನ ಕಟ್ಸಾಗೈತೆ. ನೆಂಟ್ರು ಹಾರ್ಕೊಂಡು ಹೋಯ್ತಾರಾ?”

ಎದುರುಮನೆ ಮಾಯಮ್ಮನೂ ಬಂದು ಸೇರಿಕೊಂಡಳು. “ನಮ್ಮ ತಂಗಿ ಮನೇಲಿ ಹಿಂಗೇ ಅಸಡ್ಡೆ ಮಾಡುದ್ರು ಕಣಪ್ಪಾ. ಎಮ್ಮೆ ಹಾಲು ಕೊಡೋದನ್ನೇ ನಿಲ್ಲಿಸ್ಬುಡ್ತು.”

ಕೊನೆಗೆ ದೇವರನ್ನೇ ಕೇಳುವುದೆಂದು ತೀರ್ಮಾನವಾಯಿತು. ಗುಡಿಯಲ್ಲಿ ದೇವರ ತಲೆಯ ಮೇಲಿನ ಹೂ ಬಲಕ್ಕೆ ಬಿದ್ದರೆ ಮೆಟ್ಟಿಲು ಇದ್ದಲ್ಲೇ ಇರಲಿ, ಎಡಕ್ಕೆ ಬಿದ್ದರೆ ಕೀಳುವುದು. ಎಲ್ಲರೂ ಉಸಿರು ಬಿಗಿಹಿಡಿದು ಕುಳಿತರು. ಹೂ ಮೆಲ್ಲಗೆ ಬಲಕ್ಕೆ ವಾಲಿತು. ಶಂಭುಲಿಂಗನ ಮುಖ ಅರಳಿತು. ಅಷ್ಟರಲ್ಲಿ ಊದುಬತ್ತಿಯ ಹೊಗೆ ಮೂಗಿಗೆ ಹೋಗಿ ಬೋರಲಿಂಗಯ್ಯ ಗುಡಿ ಅದುರುವಂತೆ ಸೀನಿದ. ಹೂ ಎಡಕ್ಕೆ ಬಿತ್ತು.

“ಇದು ಅನ್ಯಾಯ! ನೀನು ಸೀನ್ದೆ ಕಣಣ್ಣಾ!”

“ನಾನ್ಯಾರ್ಲಾ ಸೀನಕ್ಕೆ? ದೇವ್ರೇ ಸೀನ್ಸಿದ್ದು!”

ಶಂಭುಲಿಂಗನಿಗೆ ರೇಗಿಹೋಯಿತು. ಹೊಸ ಮನೆಗೆ ಬಂದವನೇ ಮಾಳಿಗೆ ಹತ್ತಿ, “ನಾನಿಲ್ಲೇ ಮಲಗ್ತೀನಿ. ಅದ್ಯಾರು ಮೆಟ್ಲು ಮುಟ್ತೀರೋ ನೋಡೇಬುಡ್ತೀನಿ!” ಎಂದು ಕೂಗಿ ಶಾಮಿಯಾನದೊಳಗೆ ಚಾಪೆ ಹಾಸಿದ. ಕನಸಿನ ದೆಸೆಯಿಂದ ರಾತ್ರಿಯ ನಿದ್ದೆ ಕೆಟ್ಟಿತ್ತು. ತಂಪು ನೆರಳು, ತಣ್ಣನೆ ಗಾಳಿ. ನೋಡೇಬಿಡುತ್ತೇನೆ ಎಂದವನು ಕಣ್ಣು ಮುಚ್ಚಿ ಗೊರಕೆ ಹೊಡೆಯತೊಡಗಿದ.

ಆ ಗೊರಕೆಯ ಆಸರೆಯಲ್ಲೇ ಕೆಲಸ ನಡೆಯಿತು. ವೆಲ್ಡಿಂಗ್ ಕೆಂಪಯ್ಯ ಸದ್ದಿಲ್ಲದೆ ನಟ್ಟು ಬಿಚ್ಚಿದ. ಬೀದಿಯವರೆಲ್ಲ ಸೇರಿ ಮೆಟ್ಟಿಲನ್ನು ಹೊತ್ತೊಯ್ದು ಆ ಕಡೆ ಗೋಡೆಯ ಪಕ್ಕ ಮಲಗಿಸಿದರು. ಇನ್ನೇನು ಬೆಸೆಯಬೇಕು ಎನ್ನುವಾಗ ಕರೆಂಟು ಹೋಯಿತು. ಕೆಂಪಯ್ಯ ಟೀ ಕುಡಿಯಲು ಹೊರಟುಹೋದ.

ಮಧ್ಯಾಹ್ನ ಶಂಭುಲಿಂಗನಿಗೆ ಎಚ್ಚರವಾಯಿತು. ಬಚ್ಚಲಿಗೆ ಹೋಗುವ ಅವಸರ. ಪರದೆ ಸರಿಸಿ ಕಾಲಿಡಲು ಹೋದರೆ ಕೆಳಗೆ ಬರೀ ಗಾಳಿ. ತಟ್ಟನೆ ಹಿಂದಕ್ಕೆ ಬಿದ್ದು, ಶಾಮಿಯಾನದ ಬಟ್ಟೆಯಲ್ಲಿ ಸಿಕ್ಕಿಕೊಂಡು ಅರಚಿದ.

“ಅಯ್ಯಯ್ಯೋ! ಮೆಟ್ಲೇ ಇಲ್ವಲ್ಲೋ! ಬಚ್ಚಲಿಗೆ ಹೆಂಗ್ರಪ್ಪಾ ಹೋಗ್ಲಿ? ಯಾರಾದ್ರೂ ಇಳಿಸ್ರೋ!”

ಕೆಳಗಿದ್ದ ಸುಂದರಮ್ಮ ಓಗೊಡಲು ಬಾಯಿ ತೆರೆದಳು. ಬೋರಲಿಂಗಯ್ಯ ಕೈ ಅಡ್ಡ ಹಿಡಿದ.

“ಶ್! ಎಬ್ಬಿಸ್ಬೇಡ ಕಣವ್ವಾ. ಮತ್ತೆ ಅದೇ ಕನಸು ಬಿದ್ದೈತೆ. ಏನೇನು ಹೇಳ್ತಾನೋ ಪೂರ್ತಿ ಕೇಳಾನ.”

“ಬಚ್ಚಲು! ಬಚ್ಚಲು!” ಮೇಲಿನಿಂದ ಆರ್ತನಾದ ಬಂತು.

ಬೋರಲಿಂಗಯ್ಯ ಗಂಭೀರವಾಗಿ ತಲೆಯಾಡಿಸಿದ. “ನಂಗೆ ಆವಾಗ್ಲೇ ಅನುಮಾನ ಇತ್ತು. ಕೆಂಪಯ್ಯಂಗೆ ಫೋನ್ ಮಾಡ್ರಪ್ಪಾ, ಬರೋವಾಗ ಗೋಡೆ ಒಡೆಯೋರ್ನೂ ಕರ್ಕಂಡು ಬರ್ಲಿ. ಮೊದ್ಲು ಆ ಬಚ್ಚಲು ಕಿತ್ತಾಕುವ.”